ಸ್ಟಾರ್ಟರ್ ಕಿರ್ರೆನ್ನುತ್ತಿತ್ತು: ರಿಂಗ್ ಗೇರ್ ಬದಲಿಸಿದ್ದು ಹೀಗೆ

ಟ್ರ್ಯಾಕ್ಟರಿಗೆ ಸೆಲ್ಫ್ ಹೊಡೆದರೆ ಪಿನಿಯನ್ (ಸ್ಟಾರ್ಟರ್ ಮೋಟಾರಿನ ಚಿಕ್ಕ ಹಲ್ಲುಗಾಲಿ) ಕಿರ್ರೆಂದು ಜಾರುತ್ತದೆ, ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಸ್ವಲ್ಪ ತಿರುಗಿಸಿ ಕೊಟ್ಟರೆ ಸರಿಯಾಗಿ ಹಿಡಿಯುತ್ತದೆ ಎಂದರೆ ಸವೆದಿರುವುದು ರಿಂಗ್ ಗೇರ್, ಅಂದರೆ ಫ್ಲೈವೀಲ್ ಸುತ್ತ ಕೂರಿಸಿದ ಹಲ್ಲಿನ ಬಳೆ. ಆಫ್ ಮಾಡಿದಾಗ ಎಂಜಿನ್ ಕಂಪ್ರೆಷನ್‌ಗೆ (ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ತಡೆಗೆ) ಸಿಕ್ಕಿ ಹೆಚ್ಚಾಗಿ ಅದೇ ಜಾಗಗಳಲ್ಲೇ ನಿಲ್ಲುತ್ತದೆ: 4 ಸಿಲಿಂಡರಿಗೆ ಎರಡು ಕಡೆ, 3 ಸಿಲಿಂಡರಿಗೆ ಮೂರು ಕಡೆ. ಹಲ್ಲು ಸವೆಯುವುದು ಅಲ್ಲೇ.

ಮೊದಲು ಬ್ಯಾಟರಿ ವೈರ್ ಬಿಚ್ಚಿ. ಟ್ರ್ಯಾಕ್ಟರನ್ನು ನಡುವೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಬಿಡಿಸಿ, ಕ್ಲಚ್ ತೆಗೆದು, ಮತ್ತೆ ಹಾಗೇ ಕೂರಿಸಲು ಪಂಚ್‌ನಿಂದ ಗುರುತು ಹಾಕಿ ಫ್ಲೈವೀಲ್ ಇಳಿಸಿ. ತುಂಬಾ ಭಾರ, ಇಬ್ಬರು ಬೇಕು. ಹಳೆಯ ರಿಂಗಿಗೆ ಎರಡು ಹಲ್ಲುಗಳ ನಡುವೆ ಡ್ರಿಲ್ ಹಾಕಿ, ಉಳಿಯಿಂದ ಒಂದೇಟು ಕೊಟ್ಟರೆ ಸೀಳುತ್ತದೆ. ಡ್ರಿಲ್ ಫ್ಲೈವೀಲ್‌ಗೆ ತಾಗಬಾರದು.

ಹೊಸ ರಿಂಗ್ ಕೂರುವ ಅಂಚನ್ನು ವೈರ್ ಬ್ರಷ್‌ನಿಂದ ಉಜ್ಜಿ. ತುಕ್ಕಿನ ಚೂರು ಉಳಿದರೂ ರಿಂಗ್ ಸೊಟ್ಟ ಕೂರುತ್ತದೆ. ರಿಂಗ್ ಹಿಗ್ಗಿ ಫ್ಲೈವೀಲ್ ಮೇಲೆ ಇಳಿಯುವಂತೆ ಅದನ್ನು ಓವನ್‌ನಲ್ಲಿ 200–230 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುವುದೇ ಲೇಸು. ಗ್ಯಾಸ್ ಟಾರ್ಚಾದರೆ ಸುತ್ತಲೂ ಸಮವಾಗಿ ಆಡಿಸಿ, ತಿಳಿ ಒಣಹುಲ್ಲಿನ (ತೆಳು ಹಳದಿ) ಬಣ್ಣಕ್ಕೆ ನಿಲ್ಲಿಸಿ. ನೀಲಿಗೆ ತಿರುಗಿತೆಂದರೆ ಹಲ್ಲಿನ ಗಡಸು ಹೋಯಿತು, ಆ ರಿಂಗ್ ಹಾಕಬೇಡಿ. ಹಲ್ಲಿನ ಓರೆ ಅಂಚು ಪಿನಿಯನ್ ಒಳಬರುವ ಕಡೆಗಿರಲಿ. ಇದನ್ನು ಕಾಯಿಸುವ ಮುಂಚೆಯೇ ನೋಡಿಕೊಳ್ಳಿ, ಆಮೇಲೆ ಯೋಚಿಸಲು ಪುರುಸೊತ್ತಿರುವುದಿಲ್ಲ. ಬಿಸಿ ಇರುವಾಗಲೇ ಇಕ್ಕಳದಿಂದ ಇಳಿಸಿ, ಸುತ್ತಲೂ ತಟ್ಟಿ ಪೂರ್ತಿ ತಳಕ್ಕೆ ಕೂರಿಸಿ. ನೀರು ಹಾಕದೆ ತಾನಾಗಿ ಆರಲಿ.

ಪಿನಿಯನ್ ಹಲ್ಲೂ ಸವೆದಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ರಿಂಗನ್ನೂ ತಿನ್ನುತ್ತದೆ.