ಮನೆ ಕಟ್ಟುವ ಜಾಗದಲ್ಲೇ ಹದಿನಾರು ತಿಂಗಳು: ಸುರಂಗದ ನೀರು, ಶೆಡ್ಡು, ಕರೆಂಟು (ನನ್ನ ಅನುಭವ)

ನಮ್ಮ ಜಾಗ ಇರೋದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಒಳಗೆ, ಗುಡ್ಡೆಯ ಓರೆಯಲ್ಲಿ, 32 ಸೆಂಟ್ಸು. ಕೆಳಗೆ ದೊಡ್ಡಪ್ಪನ ಅಡಿಕೆ ತೋಟ, ಮೇಲೆ ಬೋಳು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆ. ಪಾಲಿನಲ್ಲಿ ಬಂದದ್ದು. ಮಂಗಳೂರಲ್ಲಿ ಬಾಡಿಗೆ ಕಟ್ತಾ ಇಲ್ಲಿ ಮನೆಯನ್ನೂ ಕಟ್ಟಿಸೋದು ನಮ್ಮಿಂದ ಆಗ್ಲಿಕ್ಕಿಲ್ಲ ಅಂತ ಗೊತ್ತಿತ್ತು, ಹಾಗಾಗಿ ನಾನು, ಹೆಂಡತಿ, ಅಮ್ಮ, ಆರು ವರ್ಷದ ಮಗ ಜನವರಿಯಲ್ಲಿ ಬಂದು ಜಾಗದಲ್ಲೇ ಶೆಡ್ಡು ಹಾಕಿ ಕೂತೆವು. ಹೊಸ ಮನೆ ಒಕ್ಕಲಾದದ್ದು ಮರುವರ್ಷ ಮೇ ತಿಂಗಳಲ್ಲಿ. ಹೀಗೆ ಮಾಡ್ಬೇಕು ಅಂತಿರುವವರು ತುಂಬಾ ಜನ ಕೇಳ್ತಾರೆ, ಅದಕ್ಕೇ ಎಲ್ಲ ಬರೆದಿಡ್ತಾ ಇದ್ದೇನೆ.

ಮೊದಲು ನೋಡಿದ್ದು ನೀರು. ನೆಂಟರೆಲ್ಲ ಹೇಳಿದ್ದು ಒಂದೇ, ಬೋರ್ ತೆಗೆಸು, ಎರಡು ದಿನದ ಕೆಲಸ ಅಂತ. ಆದ್ರೆ ಬೋರ್ ತೆಗೆದ ಮೇಲೆ ಪಕ್ಕದವರ ಸುರಂಗ (ನೀರಿಗೆ ಅಂತ ಗುಡ್ಡೆಗೆ ಕೊರೆದದ್ದು) ಬತ್ತಿದ ಕತೆ ನಮ್ಮ ಕಡೆ ಬೇಕಾದಷ್ಟುಂಟು, ಮತ್ತೆ ಬೋರಿನಿಂದ ನೀರೆತ್ತಲಿಕ್ಕೆ ಕರೆಂಟು ಬೇಕು, ನಮಗೆ ಆಗ ಕರೆಂಟೇ ಇಲ್ಲ. ಜಾಗದ ಮೇಲ್ತುದಿಯಲ್ಲಿ ಅಜ್ಜನ ಕಾಲದ ಒಂದು ಸುರಂಗ ಇತ್ತು, ಬಾಯಿ ಕುಸಿದು ಕಾಡು ಬೆಳೆದು ಮುಚ್ಚಿ ಹೋಗಿತ್ತು. ದೊಡ್ಡಪ್ಪ ಹೇಳಿದ್ರು, "ಅದು ಹದಿನೆಂಟು ಕೋಲು ಉದ್ದ ಮಾರಾಯ, ಬೇಸಗೆಯಲ್ಲೂ ನೀರಿತ್ತು, ಒಮ್ಮೆ ಬಿಡಿಸಿ ನೋಡು" ಅಂತ. ಒಂದು ಕೋಲು ಅಂದ್ರೆ ಸುಮಾರು ಎರಡೂವರೆ ಅಡಿ, ಅಂದ್ರೆ 45 ಅಡಿ ಒಳಗೆ.

ಸುರಂಗ ಅಂದ್ರೆ ಗೊತ್ತಿಲ್ಲದವರಿಗೆ ಹೇಳ್ತೇನೆ, ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಮಾಟೆ ಅದು, ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಮುರಕಲ್ಲು ಮಳೆನೀರನ್ನು ಕುಡಿದು ಒಳಗಿಂದೊಳಗೆ ಬಿಡ್ತದೆ, ಆ ಒಸರು ಸುರಂಗದ ಗೋಡೆಯಲ್ಲಿ ಜಿನುಗಿ ತಾನಾಗಿ ಹೊರಗೆ ಹರಿದು ಬರ್ತದೆ, ಪಂಪು ಬೇಡ. ಬಿಡಿಸುವ ಕೆಲಸಕ್ಕೆ ಸುರಂಗ ತೋಡಿ ಅನುಭವ ಇದ್ದ ಇಬ್ಬರನ್ನು ಕರೆಸಿದೆ, ನಾನಾಗಿ ಒಳಗೆ ನುಗ್ಲಿಲ್ಲ. ಅವರು ಕೈಯಲ್ಲಿ ಮೇಣದಬತ್ತಿ ಹಿಡ್ಕೊಂಡೇ ಹೋಗೋದು, ಬತ್ತಿ ಮಂಕಾದ್ರೆ ಗಾಳಿ ಸಾಲದು ಅಂತ ಅರ್ಥ, ಕೂಡ್ಲೇ ವಾಪಸ್. ಹಳೇ ಸುರಂಗದಲ್ಲಿ ಮುಳ್ಳುಹಂದಿ, ಬಾವಲಿ, ಹಾವು ಏನೂ ಇರಬಹುದು, ಮೇಲಿಂದ ಮಣ್ಣೂ ಜಾರಬಹುದು. ಇದೊಂದನ್ನು ದಯವಿಟ್ಟು ಯಾರೂ ಸ್ವಂತ ಮಾಡ್ಲಿಕ್ಕೆ ಹೋಗಬೇಡಿ.

ಐದು ದಿನ ಕೆಸರು ಹೊತ್ತು ಹಾಕಿದ ಮೇಲೆ ನೀರು ತೆಳಿಯಾಯ್ತು. ಬಾಯಿಂದ ನಾಲ್ಕಡಿ ಒಳಗೆ ಜೇಡಿಮಣ್ಣಿನ ಸಣ್ಣ ಕಟ್ಟ ಕಟ್ಟಿ, ಅದರ ಬುಡದಲ್ಲಿ ಪೈಪು ಇಟ್ಟು, ಪೈಪಿನ ತುದಿಗೆ ಬಲೆ ಕಟ್ಟಿ, ಸುರಂಗದ ಬಾಯಿಗೂ ಒಂದು ಜಾಲರಿ ಬಾಗಿಲು ಇಟ್ಟೆವು. ಹಿಂದೆ ಅಡಿಕೆ ದಂಬೆಯಲ್ಲಿ, ಅಂದ್ರೆ ಸೀಳಿದ ಅಡಿಕೆ ಮರದಲ್ಲಿ, ನೀರು ತರ್ತಿದ್ರು, ನಾವು ಒಂದಿಂಚಿನ ಪೈಪು ಎಳೆದೆವು. ಸುರಂಗದಿಂದ ಶೆಡ್ಡಿನ ನಳ್ಳಿಗೆ ಸುಮಾರು ಏಳು ಮೀಟರು ಇಳಿಜಾರು ಸಿಕ್ಕಿತು. ಹತ್ತು ಮೀಟರಿಗೆ ಹತ್ತಿರಹತ್ತಿರ ಒಂದು ಕೆಜಿ ಪ್ರೆಶರ್ ಅಂತ ಲೆಕ್ಕ, ಹಾಗಾಗಿ ಬಾಲ್ದಿ ತುಂಬಿಸ್ಲಿಕ್ಕೆ, ಪಾತ್ರೆ ತೊಳಿಲಿಕ್ಕೆ ಧಾರಾಳ ಆಯ್ತು.

ನೀರು ಎಷ್ಟುಂಟು ಅಂತ ಕಣ್ಣಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. 15 ಲೀಟರಿನ ಬಾಲ್ದಿ ಇಟ್ಟು ಮೊಬೈಲಲ್ಲಿ ಟೈಮ್ ನೋಡೋದು ಅಷ್ಟೆ. ಜನವರಿಯಲ್ಲಿ ನಮ್ಮದು ಎರಡೂವರೆ ನಿಮಿಷಕ್ಕೆ ತುಂಬ್ತಿತ್ತು, ಅಂದ್ರೆ ನಿಮಿಷಕ್ಕೆ 6 ಲೀಟರು, ದಿನಕ್ಕೆ 8640. ಏಪ್ರಿಲ್ ಕೊನೆಗೆ ಅದೇ ಬಾಲ್ದಿಗೆ ಹದಿನೈದು ನಿಮಿಷ, ಅಂದ್ರೆ ದಿನಕ್ಕೆ 1440 ಲೀಟರು. ಅಮ್ಮನಿಗೆ ಹೆದರಿಕೆಯಾಯ್ತು. ಆದ್ರೆ ನಾಲ್ಕು ಜನಕ್ಕೆ 1440 ಲೀಟರು ಕಡಿಮೆಯಾ? ಅಲ್ಲ, ರಾತ್ರಿಯಿಡೀ ಹರಿದು ಹೋಗುವ ನೀರನ್ನು ಹಿಡಿದಿಟ್ರೆ ಆಯ್ತು. ಕುಡಿಲಿಕ್ಕೆ ಅಡಿಗೆಗೆ ಸಾವಿರ ಲೀಟರಿನ ಟ್ಯಾಂಕು ಇಟ್ಟೆವು, ಅದು ತುಂಬಿ ಹೆಚ್ಚಾದ್ದು ಹೋಗಿ ಬೀಳೋದು ಒಂದು ಗುಂಡಿಗೆ, ಹತ್ತಡಿ ಉದ್ದ ಎಂಟಡಿ ಅಗಲ ನಾಲ್ಕಡಿ ಆಳ, ಒಳಗೆ ನೀರು ಇಂಗದ ಹಾಗೆ ಸಿಲ್ಪಾಲಿನ್ ಪ್ಲಾಸ್ಟಿಕ್ ಶೀಟು, ನಮ್ಮ ತೋಟಗಳಲ್ಲಿ ಮಾಡ್ತಾರಲ್ಲ ಹಾಗೇ. ಸುಮಾರು 9000 ಲೀಟರು ನಿಲ್ತದೆ. ಮರುವರ್ಷ ಮಾರ್ಚಲ್ಲಿ ಸ್ಲ್ಯಾಬು ಹಾಕಿ ಹದಿನಾಲ್ಕು ದಿನ ಒದ್ದೆ ಇಟ್ಟು ಕ್ಯೂರಿಂಗ್ ಮಾಡಿದ್ದು ಪೂರ್ತಿ ಇದೇ ಗುಂಡಿಯ ನೀರಲ್ಲಿ, ಒಂದೇ ಒಂದು ಟ್ಯಾಂಕರ್ ತರಿಸ್ಲಿಲ್ಲ. ಗುಂಡಿಗೆ ಸುತ್ತ ಬೇಲಿ ಮಾತ್ರ ಮೊದಲ ದಿನವೇ ಹಾಕಿ, ಮನೆಯಲ್ಲಿ ಸಣ್ಣ ಮಕ್ಕಳಿದ್ರಂತೂ ಕೇಳ್ಲಿಕ್ಕೇ ಇಲ್ಲ. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟೆವು, ಮೇಲೆ ನೆರಳಿನ ಬಲೆ. ಕುಡಿಯುವ ಟ್ಯಾಂಕಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್, ಬಾಲ್ದಿಯಲ್ಲಿ ಕದಡಿ ಸುಣ್ಣದ ಹಾಗೆ ಇರೋದನ್ನು ತಳಕ್ಕೆ ಕೂರ್ಲಿಕ್ಕೆ ಬಿಟ್ಟು, ಮೇಲಿನ ತೆಳಿಯನ್ನು ಮಾತ್ರ ಟ್ಯಾಂಕಿಗೆ ಹೊಯ್ದು, ಒಂದು ಗಂಟೆ ನಳ್ಳಿ ಮುಟ್ಟದೆ ಇಡೋದು. ಕುಡಿಲಿಕ್ಕೆ ಹೇಗೂ ಕುದಿಸಿದ ನೀರೇ.

ನೀರಿನ ಬೆನ್ನಿಗೇ ಪಾಯಿಖಾನೆ. ತಾತ್ಕಾಲಿಕ ಅಂತ ಒಂದು ಗುಂಡಿ ತೋಡಿ ಮತ್ತೆ ಮುಚ್ಚೋದು ಬೇಡ ಅಂತ ಮನೆಯ ಪ್ಲಾನಿನಲ್ಲಿದ್ದ ಸೆಪ್ಟಿಕ್ ಟ್ಯಾಂಕನ್ನೇ ಮೊದಲು ಕಟ್ಟಿದೆವು, ಪಕ್ಕದಲ್ಲಿ ಕೆಂಪುಕಲ್ಲಿನ ನಾಲ್ಕು ಗೋಡೆ, ಶೀಟು, ಕ್ಲೋಸೆಟ್ಟು. ನಾವು ಕಟ್ಟುವಾಗ ಕೇರಳದ ನಿಯಮದಲ್ಲಿ ಕುಡಿಯುವ ಬಾವಿಯಿಂದ ಕನಿಷ್ಠ 7.5 ಮೀಟರು, ಗಡಿಯಿಂದ 1.2 ಮೀಟರು ದೂರ ಇರಬೇಕಿತ್ತು. ಮೇಸ್ತ್ರಿ ತೋರಿಸಿದ ಜಾಗ ಅಷ್ಟು ದೂರ ಇತ್ತು, ಕಾನೂನಿಗೆ ಸರಿ. ಆದ್ರೆ ಕೆಳಗೆ ದೊಡ್ಡಪ್ಪನ ಬಾವಿ ಉಂಟು, ಅವರೆಲ್ಲ ಅದರ ನೀರನ್ನೇ ಕುಡಿಯೋದು, ಮುರಕಲ್ಲಲ್ಲಿ ತೂತು ತುಂಬಾ, ಒಳಗೆ ನೀರು ಎಲ್ಲಿಂದೆಲ್ಲಿಗೆ ಓಡ್ತದೆ ಅಂತ ಹೇಳ್ಲಿಕ್ಕಾಗದು. ಸುರಂಗದಲ್ಲಿ ಅದನ್ನೇ ಅಲ್ವಾ ನೋಡಿದ್ದು. ಪೈಪಿನ ಖರ್ಚು ಜಾಸ್ತಿಯಾದ್ರೂ ಆಗ್ಲಿ ಅಂತ ಬಾವಿಯಿಂದ 30 ಮೀಟರು ಆಚೆ, ಇನ್ನೊಂದು ಓರೆಗೆ ಹಾಕಿಸಿದೆ. ಬಚ್ಚಲಿನ ನೀರು ಬಾಳೆ ಬುಡಕ್ಕೆ.

ಶೆಡ್ಡು ಇಪ್ಪತ್ತಡಿಗೆ ಹನ್ನೆರಡಡಿ. ನೆಲವನ್ನು ಒಂದೂವರೆ ಅಡಿ ಎತ್ತರಿಸಿ, ಸುತ್ತ ಮೂರಡಿ ಕೆಂಪುಕಲ್ಲು, ಸಿಮೆಂಟಲ್ಲ ಬರೀ ಮಣ್ಣಿನ ಗಾರೆ, ಯಾಕೆಂದ್ರೆ ಮತ್ತೆ ಅದೇ ಕಲ್ಲನ್ನು ಬಿಡಿಸಿ ಕಂಪೌಂಡಿಗೆ ಹಾಕುವ ಯೋಚನೆ. ಅದರ ಮೇಲೆ ಅಡಿಕೆ ಸಲಾಕೆ, ಮಾಡಿಗೆ ಶೀಟು. ಬೇಸಗೆಯಲ್ಲಿ ಶೀಟಿನ ಕೆಳಗೆ ಮಧ್ಯಾಹ್ನ ಕೂರ್ಲಿಕ್ಕಾಗ್ತಿರಲಿಲ್ಲ, ಮೇಲೆ ದಪ್ಪಕ್ಕೆ ಅಡಿಕೆ ಸೋಗೆ ಹಾಸಿ ಹಗ್ಗ ಬಿಗಿದ ಮೇಲೆ ಜೀವ ಬಂತು. ಪಡು ದಿಕ್ಕಿಗೆ ಮಾಡನ್ನು ನಾಲ್ಕಡಿ ಮುಂದೆ ತನ್ನಿ, ತೆಂಗಿನ ಮಡಲಿನ ತಟ್ಟಿಯೂ ಕಟ್ಟಿ, ಜೂನ್‌ನ ಮಳೆ ಮೇಲಿಂದ ಅಲ್ಲ ಅಡ್ಡಕ್ಕೇ ಬರೋದು. ನಾವು ಕಟ್ಟಿರಲಿಲ್ಲ, ಮೊದಲ ವಾರವೇ ಹಾಸಿಗೆ, ಮಗನ ಪುಸ್ತಕ ಎಲ್ಲ ಒದ್ದೆ. ಒಲೆ ಬೇರೆ ಚಪ್ಪರದಲ್ಲಿ, ಸೋಗೆಯ ಹತ್ತಿರ ಬೆಂಕಿ ಬೇಡ.

ಕರೆಂಟು ಸಿಕ್ಕಿದ್ದು ಏಪ್ರಿಲಲ್ಲಿ. ಕಟ್ಟಡದ ಪರ್ಮಿಟ್ಟು ತಡವಾಯ್ತು, ಅದಿಲ್ಲದೆ ಅರ್ಜಿ ಹಾಕುವಂತಿರಲಿಲ್ಲ. ಒಂದು ಮಾತು, ಜಾಗ ತೆಗೊಳ್ಳುವವರು ತೀರ್ವೆ (ಭೂಕಂದಾಯ) ರಶೀದಿಯಲ್ಲಿ ನಿಲಂ ಅಂತ ಉಂಟಾ ನೋಡಿ, ಹಾಗೆ ಗದ್ದೆ ಅಂತ ಲೆಕ್ಕದಲ್ಲಿದ್ರೆ ಗದ್ದೆ ಉಳಿಸಲಿಕ್ಕೆ ಕೇರಳ ತಂದ 2008ರ ಕಾನೂನಿನಿಂದಾಗಿ ಮನೆ ಕಟ್ಟೋದು ಸುಲಭ ಇಲ್ಲ. ಮೂರು ತಿಂಗಳು ಸೋಲಾರ್ ಲೈಟಲ್ಲೇ ಕಳೆದೆವು, ಮೊಬೈಲ್ ಚಾರ್ಜಿಗೆ ದೊಡ್ಡಪ್ಪನ ಮನೆ. ಅಲ್ಲಿಂದ ವಯರು ಎಳಿ ಅಂತ ಹೇಳಿದವರಿದ್ರು, ಒಂದು ಮನೆಯ ಕನೆಕ್ಷನ್ನಿಂದ ಇನ್ನೊಂದು ಜಾಗಕ್ಕೆ ಎಳೆಯೋದು ತಪ್ಪು, ತೋಟದ ಒದ್ದೆಯಲ್ಲಿ ಅಪಾಯವೂ ಹೌದು, ಎಳೀಲಿಲ್ಲ. ಮೀಟರಿಗೆ ಕೆಂಪುಕಲ್ಲಿನ ಸಣ್ಣ ಗೋಡೆ ಕಟ್ಟಿ ಮಾಡು ಇಳಿಸಿದೆವು, ಅದನ್ನು ಹೊಸ ಮನೆಯ ಗೋಡೆ ಬರುವಲ್ಲಿಗೆ ಹತ್ತಿರ ಇಟ್ರೆ ಮತ್ತೆ ಬದಲಿಸುವಾಗ ಕಷ್ಟ ಕಡಿಮೆ. 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟು ಸೋರಿದ್ರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಹಾಕದೆ ಒಂದು ಬಲ್ಬೂ ಉರಿಸಬೇಡಿ, ತಗಡು ಶೀಟು, ಒದ್ದೆ ನೆಲ, ಕಟ್ಟಿಂಗ್ ಮಿಶಿನು ಎಲ್ಲ ಒಟ್ಟಿಗಿರುವ ಜಾಗ ಅದು. ಅರ್ತಿಂಗ್ ಪೈಪಿನ ಬುಡಕ್ಕೆ ಬೇಸಗೆಯಲ್ಲಿ ನೀರು ಹೊಯ್ಯಬೇಕು, ಮುರ ಒಣಗಿದ್ರೆ ಅರ್ತ್ ಸರಿ ಸಿಗೋದಿಲ್ಲ. ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಮಧ್ಯಾಹ್ನದ ಮೇಲೆ ಗುಡುಗು ಶುರುವಾದ್ರೆ ಎಲ್ಲ ಪ್ಲಗ್ಗು ಕಿತ್ತಿಡ್ತಿದ್ದೆವು.

ಪರ್ಮಿಟ್ಟು ಕೈಗೆ ಬಂದಾಗ ಮೇಸ್ತ್ರಿ ಮಳೆ ಮೊದಲೇ ಪಂಚಾಂಗ (ಮನೆಯ ತಳಪಾಯ) ಮುಗಿಸುವ ಅಂದ್ರು, ಗೂಟ ಹೊಡೆದು ದಾರವೂ ಕಟ್ಟಿ ಆಗಿತ್ತು. ದುಡ್ಡು ಹೊಂದಿಸ್ಲಿಕ್ಕೆ ಆಗದೆ ನಿಂತೆವು. ಜೂನಲ್ಲಿ ಮೂರು ದಿನ ಬಿಡದೆ ಸುರಿದಾಗ ಬೆಳಿಗ್ಗೆ ಅಮ್ಮ ಕರೆದು ತೋರಿಸಿದ್ರು, ಗುಡ್ಡೆಯ ನೀರು ಕೆಂಪಗೆ ತೋಡಿನ ಹಾಗೆ ಇಳಿದು, ಸರೀ ನಮ್ಮ ಅಡಿಗೆಕೋಣೆಗೆ ದಾರ ಕಟ್ಟಿದ ಜಾಗದ ಮೇಲಿಂದಲೇ ಹೋಗ್ತಾ ಉಂಟು. ಬೇಸಗೆಯಲ್ಲಿ ಅಲ್ಲಿ ಒಂದು ಗೆರೆ ಕೂಡ ಕಾಣ್ತಿರಲಿಲ್ಲ. ಇಂಜಿನಿಯರಿಗೆ ಫೋಟೋ ಕಳಿಸಿ ಮನೆಯನ್ನು ಹದಿನಾಲ್ಕು ಅಡಿ ಮೂಡಕ್ಕೆ ಸರಿಸಿ ಪ್ಲಾನು ತಿದ್ದಿಸಿ ಮತ್ತೆ ಪಂಚಾಯತಿಗೆ ಕೊಟ್ಟೆವು, ಗುಡ್ಡೆ ಬದಿಗೆ ಎರಡಡಿ ಅಗಲದ ಕಣಿ (ಚರಂಡಿ) ತೆಗೆದು ಆ ನೀರನ್ನು ಆಚೆ ತೋಡಿಗೆ ಬಿಟ್ಟೆವು. ಆ ಮಳೆಗಾಲ ನಾವು ಅಲ್ಲಿ ಇರದಿದ್ರೆ ಇದು ಗೊತ್ತಾಗುವುದು ಮನೆಗೆ ನೀರು ನುಗ್ಗಿದ ಮೇಲೆಯೇ. ಪಂಚಾಂಗ ಹಾಕಿದ್ದು ದೀಪಾವಳಿ ಕಳೆದು.

ಪಂಚಾಯತಿಯಿಂದ ಮನೆ ನಂಬ್ರ ಸಿಕ್ಕಿದ ಮೇಲೆ ಕರೆಂಟು ಮನೆಯ ರೇಟಿಗೆ ಬದಲಾಯ್ತು. ಶೆಡ್ಡಿನ ಕಲ್ಲು ಇನ್ನೂ ಬಿಡಿಸ್ಲಿಲ್ಲ, ಈಗ ಅಲ್ಲಿ ಸೌದೆ, ಅಡಿಕೆ ಚೀಲ. ಸುರಂಗದ ಬಾಯಿಯ ಕೆಸರು ಪ್ರತಿ ವರ್ಷ ಮಳೆ ನಿಂತ ಮೇಲೆ ತೆಗೆಸ್ತೇವೆ, ಬಾಲ್ದಿ ಇಟ್ಟು ಟೈಮ್ ನೋಡಿ ಗೋಡೆಯ ಕ್ಯಾಲೆಂಡರಲ್ಲಿ ಬರೆಯೋದು ಈಗ ಮಗನ ಕೆಲಸ.