ರಿಂಗಿನಲ್ಲಿ ಕಲಿತದ್ದು ರಸ್ತೆಯಲ್ಲಿ ಎಷ್ಟು ಉಳಿಯುತ್ತದೆ: ನನ್ನ ಅನುಭವ

ನಾಲ್ಕೂವರೆ ಮೀಟರ್ ಪಟ್ಟಿ ಸುತ್ತಿ, ಮೇಲೆ 16 ಔನ್ಸಿನ ಗ್ಲೌಸ್ ಹಾಕಿ ಹೊಡೆಯುವ ಕೈ ಬೇರೆ. ಸಂತೆ ದಿನ ಬಸ್ ಸ್ಟ್ಯಾಂಡಿನಲ್ಲಿ ತರಕಾರಿ ಚೀಲ ಹಿಡಿದು ನಿಂತ ಕೈ ಬೇರೆ. ಬಾಕ್ಸಿಂಗ್, ಜೂಡೋ, ಕುಸ್ತಿ ಕಲಿತವರು ಬೀದಿಜಗಳದಲ್ಲಿ ಎಲ್ಲಿ ಎಡವುತ್ತಾರೆ ಎಂದು ನೋಡಿದರೆ ಮೊದಲು ಸಿಗುವುದು ಈ ಕೈಯೇ. ಕೊಡಗಿನಲ್ಲಿ ಹುಡುಗ ಹುಡುಗಿಯರಿಗೆ ಕಲಿಸುವಾಗ ವಾರದ ಕೊನೆಯ ತರಗತಿಯಲ್ಲಿ 25 ನಿಮಿಷವನ್ನು ಬೀದಿಗೆಂದೇ ಎತ್ತಿಡುತ್ತೇನೆ. ಆ ಹೊತ್ತಿನಲ್ಲಿ ಏನು ಮಾಡಿಸುತ್ತೇನೆ, ಯಾಕೆ ಮಾಡಿಸುತ್ತೇನೆ ಎಂಬುದು ಇಲ್ಲಿದೆ.

ಕೈಯಿಂದಲೇ ಶುರು ಮಾಡುತ್ತೇನೆ. ಒಂದು ಕೈಯಲ್ಲಿ 27 ಮೂಳೆಗಳಿವೆ. ಪಟ್ಟಿ ಅಂಗೈಯ ಐದು ಉದ್ದ ಮೂಳೆಗಳನ್ನು ಒಂದೇ ಕಟ್ಟಾಗಿ ಬಿಗಿಯುತ್ತದೆ, ಗ್ಲೌಸ್ ಮಣಿಕಟ್ಟು ಮಡಚದಂತೆ ಹಿಡಿಯುತ್ತದೆ. ಇವೆರಡೂ ಇಲ್ಲದೆ ಬೀಸಿ ಗುದ್ದಿದರೆ ಏಟಿನ ಭಾರವೆಲ್ಲ ಉಂಗುರ ಬೆರಳು, ಕಿರುಬೆರಳಿನ ಗೆಣ್ಣುಗಳ ಮೇಲೆ ಬೀಳುತ್ತದೆ. ಎದುರಿನವನು ಹೆದರಿ ತಲೆ ತಗ್ಗಿಸಿದ ಅಂದರೆ ಆ ಗೆಣ್ಣುಗಳಿಗೆ ಸಿಗುವುದು ಹಣೆಯ ಮೂಳೆ. ಕಿರುಬೆರಳಿನ ಬುಡದ ಉದ್ದ ಮೂಳೆ ಗೆಣ್ಣಿನ ಹಿಂದೆಯೇ ಮುರಿಯುತ್ತದೆ. ವೈದ್ಯರು ಇದನ್ನು ಬಾಕ್ಸರ್ಸ್ ಫ್ರ್ಯಾಕ್ಚರ್ ಎಂದು ಕರೆದರೂ ಬರಿಗೈಯಲ್ಲಿ ಗೋಡೆಗೋ ತಲೆಗೋ ಗುದ್ದಿದವರಲ್ಲೇ ಇದು ಹೆಚ್ಚು. ತರಬೇತಿ ಚೆನ್ನಾಗಿದ್ದರೆ ಹೀಗಾಗದು ಎಂದು ಯಾರೂ ಧೈರ್ಯ ತಂದುಕೊಳ್ಳಬಾರದು. 1988ರ ಆಗಸ್ಟಿನಲ್ಲಿ ಮೈಕ್ ಟೈಸನ್ ವಿಶ್ವ ಹೆವಿವೇಟ್ ಚಾಂಪಿಯನ್ ಆಗಿದ್ದಾಗಲೇ ನ್ಯೂಯಾರ್ಕಿನ ಹಾರ್ಲೆಮ್ ಬೀದಿಯಲ್ಲಿ ಇನ್ನೊಬ್ಬ ಬಾಕ್ಸರ್ ಮಿಚ್ ಗ್ರೀನ್‌ಗೆ ಗುದ್ದಿ ಬಲಗೈ ಮೂಳೆ ಬಿರುಕು ಬಿಡಿಸಿಕೊಂಡ. 1993ರ ನವೆಂಬರಿನಲ್ಲಿ ಡೆನ್ವರಿನಲ್ಲಿ ನಡೆದ ಮೊದಲ ಯುಎಫ್‌ಸಿಯ (ಬೇರೆ ಬೇರೆ ಕಲೆ ಕಲಿತವರು ಎದುರಾಗುವ ಹೋರಾಟ ಸ್ಪರ್ಧೆ) ಮೊದಲ ಪಂದ್ಯದಲ್ಲಿ ಗೆರಾರ್ಡ್ ಗೊರ್ಡೊ ಬರಿಗೈಯಲ್ಲಿ ಗೆದ್ದ. ಆದರೆ ಕೈ ಮುರಿದಿತ್ತು, ಎದುರಾಳಿಯ ಹಲ್ಲು ಅವನ ಪಾದದಲ್ಲಿ ಸಿಕ್ಕಿಕೊಂಡಿತ್ತು.

ಅದಕ್ಕೆ ನನ್ನ ನಿಯಮ ಸರಳ: ತಲೆಗೆ ಅಂಗೈ ಬುಡ, ಮೆತ್ತಗಿನ ಜಾಗಕ್ಕೆ ಮಾತ್ರ ಮುಷ್ಟಿ. ಅಂಗೈ ಬುಡದ ಹೊಡೆತಕ್ಕೆ ಹೊಸ ತಂತ್ರವೇನೂ ಬೇಡ. ಜಾಬ್ (ಮುಂದಿನ ಕೈಯ ನೇರ ಗುದ್ದು) ಮತ್ತು ಕ್ರಾಸ್ (ಹಿಂದಿನ ಕೈಯ ನೇರ ಗುದ್ದು) ಹೋಗುವ ದಾರಿಯಲ್ಲೇ ಕೈ ಹೋಗಬೇಕು, ತಾಗುವ ಹೊತ್ತಿಗೆ ಬೆರಳು ಹಿಂದಕ್ಕೆ ಬಾಗಿ ಹೆಬ್ಬೆರಳು ಪಕ್ಕಕ್ಕೆ ಅಂಟಿರಬೇಕು. ಹೆಬ್ಬೆರಳು ಬಿಟ್ಟರೆ ಎದುರಿನವನ ಬಟ್ಟೆಗೆ ಸಿಕ್ಕಿ ಉಳುಕುತ್ತದೆ. ಪಟ್ಟಿ ಬಿಚ್ಚಿ, ಮೂರನೇ ಒಂದು ಬಲದಲ್ಲಿ, ಬ್ಯಾಗಿನ ಮೇಲೆ ಎರಡು ನಿಮಿಷದ ಎರಡು ಸುತ್ತು ಸಾಕು. ಹೊಟ್ಟೆಗೆ ಗುದ್ದುವುದರ ಮೇಲೆ ನಮ್ಮ ಊರಲ್ಲಿ ಹೆಚ್ಚು ಭರವಸೆ ಬೇಡ. ಜೂನ್‌ನಿಂದ ಜನವರಿವರೆಗೆ ಜನ ಸ್ವೆಟರ್ ಮೇಲೆ ಜರ್ಕಿನ್ ಹಾಕಿಯೇ ಓಡಾಡುತ್ತಾರೆ, ಅರ್ಧ ಏಟನ್ನು ಬಟ್ಟೆಯೇ ನುಂಗುತ್ತದೆ. ಅದೇ ಜರ್ಕಿನ್ ಜೂಡೋ ಕಲಿತವರಿಗೆ ವರ. ಕಾಲರ್ ಮತ್ತು ತೋಳು ಹಿಡಿಯುವ ಅವರ ಕೈಗೆ ಅದು ಜೂಡೋದ ದಪ್ಪ ಅಂಗಿ ಗಿಯಷ್ಟೇ ಚೆನ್ನಾಗಿ ಸಿಗುತ್ತದೆ.

ಗ್ಲೌಸಿನ ಇನ್ನೊಂದು ಮೋಸ ತಡೆಯುವಾಗ ಗೊತ್ತಾಗುತ್ತದೆ. 16 ಔನ್ಸಿನ ಎರಡು ಗ್ಲೌಸ್ ಕೆನ್ನೆಗೆ ಒತ್ತಿಕೊಂಡರೆ ಮುಖವೇ ಕಾಣುವುದಿಲ್ಲ. ಬರಿಗೈಯಲ್ಲಿ ಹಾಗೆ ನಿಂತರೆ ನಡುವಿನ ಸಂದಿಯಲ್ಲಿ ಮುಷ್ಟಿ ಸಲೀಸಾಗಿ ಒಳಗೆ ಬರುತ್ತದೆ. ಆದ್ದರಿಂದ ಮುಚ್ಚಿಕೊಳ್ಳಬೇಕಾದದ್ದು ಮುಂಗೈ ಮತ್ತು ಮೊಣಕೈಯಿಂದ: ಅಂಗೈ ತಲೆಯ ಹಿಂಭಾಗಕ್ಕೆ, ಮೊಣಕೈ ಮುಂದಕ್ಕೆ, ಗದ್ದ ಎದೆಗೆ.

ಇಷ್ಟೆಲ್ಲ ಕೊರತೆ ಹೇಳಿದರೂ ಕ್ರೀಡೆಯ ಅಭ್ಯಾಸ ಬೇಡ, ಬರೀ ಆತ್ಮರಕ್ಷಣೆಯ ಪಟ್ಟು ಕಲಿಸಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮುಖಕ್ಕೆ ಏಟು ಬಂದಾಗ ಕಣ್ಣು ಮುಚ್ಚಿ ತಲೆ ತಿರುಗಿಸುವುದು ಹುಟ್ಟುಗುಣ. ಅದನ್ನು ಬಿಡಿಸುವ ದಾರಿ ಒಂದೇ: ನಿಜವಾಗಿಯೂ ತಡೆಯುವ, ತಿರುಗಿ ಹೊಡೆಯುವ ಮನುಷ್ಯನ ಎದುರು ವಾರ ವಾರ ನಿಲ್ಲುವುದು. ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದು ನಿಮಿಷ ಬಿಡುವು, ಹಲ್ಲಿಗೆ ಗಾರ್ಡ್, ಏಟಿನ ಬಲ ಮೂರನೇ ಒಂದು. ಆರು ತಿಂಗಳು ಹೀಗೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿದವರು ಗಾಬರಿಯಲ್ಲೂ ಉಸಿರು ಬಿಡುತ್ತಾರೆ, ದೂರ ಅಳೆಯುತ್ತಾರೆ, ಹೊಡೆಯುವ ಭುಜ ಮೊದಲು ಅಲುಗಿದ್ದನ್ನು ನೋಡುತ್ತಾರೆ. ಹತ್ತು ವರ್ಷ ಬರೀ ಕಟಾ (ಎದುರಾಳಿ ಇಲ್ಲದೆ ಮಾಡುವ ಕರಾಟೆಯ ಸರಣಿ) ಮಾಡಿ ಬೆಲ್ಟ್ ಪಡೆದವರಿಗೆ ಇದು ಬರುವುದಿಲ್ಲ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿನಲ್ಲಿ ಆಡುವ ಬೆತ್ತದ ಆಟ ಪರೆಯ ಕಳಿಯನ್ನು ನೋಡಿ: ಕೈಯಲ್ಲಿ ಗುರಾಣಿ, ಬೆತ್ತ, ಏಟು ಮೊಣಕಾಲಿನ ಕೆಳಗೆ ಮಾತ್ರ. ಬೆತ್ತದ ಉರಿ ನಿಜ, ಅದರಿಂದಲೇ ಕಾಲು ಚುರುಕಾಗುತ್ತದೆ. ಮೊಣಕಾಲಿನ ಮೇಲಿನ ಮೈಯನ್ನು ಕಾಯುವುದು ನಿಯಮ. ಯಾವ ಕ್ರೀಡೆಗಾದರೂ ಹೀಗೆ ನಿಯಮ ಕಾಯುವ ಒಂದು ಭಾಗವಿದೆ. ನಿಮ್ಮ ಆಟದಲ್ಲಿ ಅದು ಎಲ್ಲಿದೆ ಎಂದು ಹುಡುಕಿ, ಆ ಭಾಗಕ್ಕೆ ಬೇರೆ ಅಭ್ಯಾಸ ಕೊಡಬೇಕು. ಬಾಕ್ಸರ್ ಸೊಂಟದ ಮಟ್ಟಕ್ಕೆ ತಲೆ ಬಗ್ಗಿಸಿ ತಪ್ಪಿಸಿಕೊಳ್ಳುತ್ತಾನೆ, ಬೀದಿಯಲ್ಲಿ ಅಲ್ಲಿ ಮೊಣಕಾಲು ಕಾದಿರುತ್ತದೆ. ಜೂಡೋದವರು ಎದುರಾಳಿಯ ಜೊತೆಗೇ ಬೀಳುತ್ತಾರೆ. ಕುಸ್ತಿಯವರು ಕಾಲು ಹಿಡಿಯಲು ಮೊಣಕಾಲೂರುತ್ತಾರೆ, ಜಲ್ಲಿಯ ಮೇಲೆ ಒಮ್ಮೆ ಊರಿದರೆ ಆ ಕಾಲು ಮತ್ತೆ ಓಡುವುದಿಲ್ಲ.

ಈಗ ಆ 25 ನಿಮಿಷ. ಮೊದಲ ಹತ್ತು ನಿಮಿಷ ಮಾತಿಗೆ, ಏಕೆಂದರೆ ಜಗಳ ಶುರುವಾಗುವುದು ಬಾಯಿಂದ. ಜೊತೆಗಾರ ಕೂಗುತ್ತಾ ಹತ್ತಿರ ಬರುತ್ತಾನೆ: "ಎಂತ ನೋಡ್ತಾ ಇದ್ದಿ? ಗಾಡಿಗೆ ಗುದ್ದಿ ಹೋಗುದಾ?" ಕಲಿಯುವವರು ಎಡಗಾಲನ್ನು ಅರ್ಧ ಹೆಜ್ಜೆ ಮುಂದಿಟ್ಟು, ಎರಡೂ ಅಂಗೈ ತೆರೆದು ಎದೆ ಮಟ್ಟಕ್ಕೆ ಎತ್ತಿ, ಒಂದೂವರೆ ತೋಳಿನ ಅಂತರ ಇಟ್ಟುಕೊಂಡು ಹೇಳಬೇಕು: "ಅಣ್ಣಾ, ತಪ್ಪಾಯ್ತು. ಬಿಡಿ, ನಾನು ಹೋಗ್ತೇನೆ." ದನಿ ಜೋರಾಗಿರಬೇಕು, ಸುತ್ತ ನಿಂತವರಿಗೆ ಕೇಳಬೇಕು. ಕೈ ಹೀಗೆ ಎತ್ತಿದ್ದು ನೋಡುವವರಿಗೆ ಬೇಡಿಕೊಂಡಂತೆ ಕಾಣುತ್ತದೆ, ಏಟು ಬಂದರೆ ಅರ್ಧ ದಾರಿಯಲ್ಲೇ ತಡೆ ಸಿದ್ಧ. ಜೊತೆಗಾರನಿಗೆ ಗುಟ್ಟಾಗಿ ಹೇಳಿರುತ್ತೇನೆ: ಹತ್ತರಲ್ಲಿ ಆರು ಸಲ ಬೈದು ತಿರುಗಿ ಹೋಗು, ಎರಡು ಸಲ ತಳ್ಳು, ಎರಡು ಸಲ ಬಲಗೈ ಬೀಸು. ತಿರುಗಿ ಹೋಗುವವನಿಗೆ ಹೊಡೆದವರು ಮೊದಲಿಂದ ಮಾಡಬೇಕು. ಶುರುವಿನ ವಾರಗಳಲ್ಲಿ ಇಲ್ಲಿ ಸೋಲುವವರು ಬಲಶಾಲಿ ಹುಡುಗರೇ; ಕೈ ಮಾತಿಗಿಂತ ಮುಂದೆ ಹೋಗುತ್ತದೆ. ಎರಡನೇ ತಪ್ಪು, ಮಾತಾಡುತ್ತಾ ಕಾಲು ಜೋಡಿಸಿ ನಿಲ್ಲುವುದು. ತಳ್ಳಿದ ಕೂಡಲೇ ಬೆನ್ನ ಮೇಲೆ ಬೀಳುತ್ತಾರೆ.

ಬಲಗೈ ಬೀಸಿದಾಗ ಮಾಡಬೇಕಾದದ್ದು ಒಂದೇ ಸರಣಿ, ಎಲ್ಲರಿಗೂ ಅದೇ. ಮೊಣಕೈ ಮುಂದೆ ಮಾಡಿ ತಲೆ ಮುಚ್ಚಿಕೊಂಡು ಒಳಗೆ ನುಗ್ಗು. ಹಣೆಯನ್ನು ಅವನ ಎದೆಗೆ ಒತ್ತು. ಎಡಗೈಯಿಂದ ಅವನ ಬಲತೋಳನ್ನು ಮೊಣಕೈಯ ಮೇಲೆ ಸುತ್ತಿ ಬಿಗಿ ಹಿಡಿ, ಬಲಗೈಯನ್ನು ಅವನ ಕಂಕುಳಡಿ ಹಾಕಿ ಭುಜ ಎತ್ತು. ಪಕ್ಕಕ್ಕೆ ಸರಿದು ಗೋಡೆಗೋ ಜೀಪಿಗೋ ಒರಗಿಸು, ತಳ್ಳು, ಹೊರಡು. ಹಿಂದಕ್ಕೆ ಹೋಗುತ್ತಾ ತಡೆಯುವವರಿಗೇ ಹೆಚ್ಚು ಏಟು ಬೀಳುತ್ತದೆ, ಬೀಸುವ ಕೈಗೆ ಬಲ ಇರುವುದು ತುದಿಯಲ್ಲಿ. ಹೀಗೆ ಅಪ್ಪಿ ಹಿಡಿಯುವ ಕ್ಲಿಂಚಿನಲ್ಲಿ ರೆಫರಿ ಬಿಡಿಸುತ್ತಾನೆ ಎಂದು ಕಾಯುವುದು ಬಾಕ್ಸಿಂಗಿನವರಿಗೆ ಅಂಟಿದ ಅಭ್ಯಾಸ. ಅದನ್ನು ಬಿಡಿಸಲು ಜೊತೆಗಾರ ಸೀಟಿ ಊದಿದರೂ ಹಿಡಿತ ಸಡಿಲಿಸಬಾರದು ಎಂದು ಹೇಳಿ ಮಾಡಿಸುತ್ತೇನೆ.

ಮುಂದಿನದು ನೆಲ. ಕೊಡಗಿನಲ್ಲಿ ಸಮತಟ್ಟು ಜಾಗ ಎಂದರೆ ಕಾಫಿ ಒಣಗಿಸುವ ಕಣ, ಶಾಲೆಯ ಮೈದಾನ, ಅಷ್ಟೆ. ಉಳಿದದ್ದೆಲ್ಲ ಏರು ಇಳಿಜಾರು, ಒಂದು ಕಡೆ ಬರೆ (ಕಡಿದಾದ ಮಣ್ಣಿನ ದಿಬ್ಬ), ಇನ್ನೊಂದು ಕಡೆ ಚರಂಡಿ, ಮಳೆಗಾಲದಲ್ಲಿ ಮೇಲೆ ಪಾಚಿ. ಹಾಲಿನೊಳಗೆ ಬರಿಗಾಲಲ್ಲಿ ಮ್ಯಾಟಿನ ಮೇಲೆ ಮಾಡಿದ್ದು ಇಲ್ಲಿ ಅರ್ಧಕ್ಕರ್ಧ ಕೈಕೊಡುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಹೊರಗೆ, ಚಪ್ಪಲಿ ಅಥವಾ ಗಂಬೂಟಿನಲ್ಲೇ, ಹುಲ್ಲಿರುವ ಇಳಿಜಾರಿನ ಮೇಲೆ ಹತ್ತು ನಿಮಿಷ. ಹೊಡೆತ ಇಲ್ಲ, ಭುಜ ಮುಟ್ಟುವ ಆಟ ಮಾತ್ರ. ಪುಟಿಯುವ ಕಾಲು ಮೊದಲು ಜಾರುತ್ತದೆ. ಪಾದಗಳ ನಡುವೆ ಭುಜದಗಲಕ್ಕಿಂತ ಒಂದು ಅಂಗೈ ಹೆಚ್ಚು ಅಂತರ, ಮಂಡಿ ಬಾಗಿ, ಭಾರ ಎರಡೂ ಕಾಲಿಗೆ ಸಮ, ಹೆಜ್ಜೆ ಅರ್ಧ ಪಾದದಷ್ಟು, ಪಾದ ಎತ್ತದೆ ಉಜ್ಜುತ್ತಾ. ಇಳಿಜಾರಿನಲ್ಲಿ ಅಡ್ಡ ನಿಲ್ಲಬೇಕು. ಕೆಳಮುಖ ನಿಂತವನು ಒಂದು ಹೊಡೆತ ತಪ್ಪಿದರೂ ತನ್ನ ಭಾರಕ್ಕೇ ಮುಂದೆ ಹೋಗಿ ಬೀಳುತ್ತಾನೆ. ಒದೆಯುವುದನ್ನು ಇಲ್ಲಿ ಪೂರ್ತಿ ಬಿಡಿ.

ಬಿದ್ದರೆ? ಜೂಡೋದ ಬೀಳುವ ಅಭ್ಯಾಸ ಇಡೀ ತರಬೇತಿಯಲ್ಲಿ ಬದುಕಿಗೆ ಅತಿ ಹೆಚ್ಚು ಬರುವ ಪಾಠ, ಜಗಳವಿಲ್ಲದಿದ್ದರೂ ಮಳೆಗಾಲದಲ್ಲಿ ಬಂದೇ ಬರುತ್ತದೆ. ಗದ್ದ ಎದೆಗೆ, ಉಸಿರು ಹೊರಗೆ, ಬೆನ್ನು ದುಂಡಗೆ. ಮ್ಯಾಟಿನ ಮೇಲೆ ಅಂಗೈ ಬಡಿಯುತ್ತೇವೆ. ಡಾಂಬರಿನ ಮೇಲೆ ಬಡಿಯದೆ ಮುಂಗೈ ಪೂರ್ತಿ ಊರಿ ಉರುಳಬೇಕು. ಬಿದ್ದಮೇಲೆ ಒಂದು ಕೈ ಹಿಂದೆ ಊರಿ, ಒಂದು ಕಾಲು ಎದುರಿನವನ ಕಡೆ ಚಾಚಿ, ಇನ್ನೊಂದು ಕಾಲನ್ನು ಸೊಂಟದ ಕೆಳಗಿಂದ ಹಿಂದಕ್ಕೆ ಎಳೆದು ಮೂರು ಸೆಕೆಂಡಿನಲ್ಲಿ ಎದ್ದಿರಬೇಕು. ಕೆಳಗೇ ಇದ್ದು ಕೈ ತಿರುಚುವ, ಕತ್ತು ಹಿಡಿಯುವ ಆಟ ಒಬ್ಬನೇ ಎದುರಾಳಿ ಇದ್ದಾಗಿನದು. ಮಡಿಕೇರಿ ದಸರಾದ ದಶಮಂಟಪ ಮೆರವಣಿಗೆಯ ರಾತ್ರಿ ಗುಂಪಿನ ನಡುವೆ ನೆಲದಲ್ಲಿ ಉಳಿದರೆ ತುಳಿಯುವವರು ಯಾರೆಂದೂ ಗೊತ್ತಾಗುವುದಿಲ್ಲ.

ಇಬ್ಬರು ಬಂದಾಗಿನ ಅಭ್ಯಾಸ 20 ಸೆಕೆಂಡಿನದು, ಗೆಲುವೆಂದರೆ ಬಾಗಿಲು ಮುಟ್ಟುವುದು. ಒಬ್ಬನನ್ನು ಇನ್ನೊಬ್ಬನ ಎದುರಿಗೆ ಬರುವಂತೆ ಸುತ್ತುತ್ತಾ ಸರಿಯಬೇಕು, ನಡುವೆ ನಿಲ್ಲಬಾರದು. ಒಬ್ಬನ ಜೊತೆ ಕ್ಲಿಂಚಿಗೆ ಹೋದರೆ ಆಟ ಮುಗಿಯಿತು.

ಕತ್ತಿಯ ವಿಷಯದಲ್ಲಿ ನಾನು ಪಟ್ಟು ಕಲಿಸುವುದಿಲ್ಲ. ತೋಟದ ಊರಿದು, ಗಿಡದ ಕೊಂಬೆ ಸವರುವ ಕಪಾತು ಕತ್ತಿ ಯಾರ ಕೈಯಲ್ಲಾದರೂ ಇರುತ್ತದೆ. ಕೊಡವರಿಗೂ ಜಮ್ಮಾ ಎಂಬ ಹಳೆಯ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇರುವ ನಾಡಿದು. ಪಟ್ಟು ಬೇಕು ಎಂದು ಹಟ ಹಿಡಿದವರಿಗೆ ಹಳೆಯ ಬಿಳಿ ಬನಿಯನ್ ಹಾಕಿಸಿ, ಜೊತೆಗಾರನ ಕೈಗೆ ಕೆಂಪು ಮಾರ್ಕರ್ ಪೆನ್ ಕೊಟ್ಟು ಹತ್ತು ಸೆಕೆಂಡ್ ಬಿಡುತ್ತೇನೆ. ಆಮೇಲೆ ಗೀರು ಎಣಿಸಬೇಕು. ಹೊಟ್ಟೆ, ಕಂಕುಳು, ಮುಂಗೈಯ ಒಳಭಾಗ, ಎಲ್ಲ ಕಡೆ ಕೆಂಪು. ವಿಡಿಯೊಗಳಲ್ಲಿ ಚಾಕು ಹಿಡಿದವನು ಒಮ್ಮೆ ಚಾಚಿ ಕೈಯನ್ನು ಅಲ್ಲೇ ನಿಲ್ಲಿಸುತ್ತಾನೆ. ನಿಜದಲ್ಲಿ ಹೊಲಿಗೆ ಯಂತ್ರದ ಸೂಜಿಯಂತೆ ಎಳೆದು ಎಳೆದು ಚುಚ್ಚುತ್ತಾನೆ. ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ತೋರಿಸಿದ ಲೆಕ್ಕ: 21 ಅಡಿ ದೂರದಲ್ಲಿರುವವನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ನಿಮ್ಮ ಮೈಮೇಲಿರುತ್ತಾನೆ. ಕತ್ತಿ ಕಂಡರೆ ನಡುವೆ ಜೀಪು, ಗೇಟು, ಬೆಂಚು ಏನಾದರೂ ಬರಬೇಕು, ಕಾಲು ಓಡಬೇಕು, 112ಕ್ಕೆ ಫೋನ್ ಹೋಗಬೇಕು. ಓಡಿಹೋದವನನ್ನು ಅಟ್ಟಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಮುಯ್ ಥಾಯ್ (ಥಾಯ್ಲೆಂಡಿನ ಬಾಕ್ಸಿಂಗ್) ಹೋರಾಟಗಾರ ಅಲೆಕ್ಸ್ ಗಾಂಗ್ 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತನ್ನ ಕಾರಿಗೆ ಗುದ್ದಿ ಹೋದವನನ್ನು ಹಿಂಬಾಲಿಸಿ ಗುಂಡೇಟಿಗೆ ಸತ್ತ. ಎಷ್ಟು ಕಲಿತಿದ್ದರೂ ಗುಂಡಿಗೆ ತಡೆಯಿಲ್ಲ.

ಕಾನೂನನ್ನು ಮ್ಯಾಟಿನ ಮೇಲೆ ಕೂರಿಸಿಯೇ ಹೇಳುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡಬಾರದು ಎಂದು 37ನೇ ಕಲಮು ಕಟ್ಟು ಹಾಕುತ್ತದೆ. ಎದುರಾಳಿ ಬಿದ್ದ ಮೇಲೆ ಒದ್ದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. 116ನೇ ಕಲಮಿನ ಪ್ರಕಾರ ಮೂಳೆ ಮಾತ್ರವಲ್ಲ, ಹಲ್ಲು ಮುರಿದರೂ ತೀವ್ರ ಗಾಯ. 117ರ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಬಾಯಿಗೆ ಗುದ್ದುವ ಮುನ್ನ ಇದು ಗೊತ್ತಿರಲಿ. ಕಲ್ಲಿನ ಮೇಲೆ ಎತ್ತಿ ಒಗೆಯುವ ಜೂಡೋ ಪಟ್ಟು ಇನ್ನೂ ಭಾರಿ ವಿಷಯ, ತಲೆ ಹಿಂದಕ್ಕೆ ಬಡಿದರೆ ಪ್ರಾಣವೇ ಹೋಗುತ್ತದೆ. ಅದಕ್ಕೇ ನನ್ನ ಸರಣಿಯ ಕೊನೆಯಲ್ಲಿ ಒಗೆತ ಇಲ್ಲ, ಒರಗಿಸಿ ತಳ್ಳುವುದು ಇದೆ.

ಜಗಳ ಮುಗಿದ ಮೇಲೆ ಎರಡು ಕೆಲಸ. ತಲೆಗೆ ಏಟು ಬಿದ್ದವರನ್ನು 24 ಗಂಟೆ ಒಬ್ಬರೇ ಬಿಡಬಾರದು. ವಾಂತಿ, ವಿಪರೀತ ಮಂಪರು, ತೊದಲು ಮಾತು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ. ಇನ್ನೊಂದು, ಗೆಣ್ಣಿನ ಮೇಲಿನ ಗಾಯ. ಅರ್ಧ ಅಂಗುಲದ ಗೀರು ಎಂದು ಅರಿಶಿನ ಮೆತ್ತಿ ಬಿಟ್ಟರೆ, ಅದು ಹಲ್ಲು ತಾಗಿ ಆದದ್ದಾದರೆ, ಬಾಯಿಯ ಕೀಟಾಣು ಕೀಲಿನೊಳಗೆ ಇಳಿದು ಒಂದೆರಡು ದಿನದಲ್ಲಿ ಕೈ ಊದಿಕೊಳ್ಳುತ್ತದೆ. ನಲ್ಲಿ ನೀರು ಮತ್ತು ಸೋಪಿನಲ್ಲಿ ಚೆನ್ನಾಗಿ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಿ, ಹಲ್ಲು ತಾಗಿದ್ದು ಎಂದು ಮುಚ್ಚಿಡದೆ ಹೇಳಿ. ತೋರಿಸುವಾಗ ಬೆರಳು ಬಿಡಿಸಿ ತೋರಿಸಿದರೆ ಸಾಲದು, ಮುಷ್ಟಿ ಕಟ್ಟಿಯೂ ತೋರಿಸಿ. ಏಟು ಬಿದ್ದದ್ದು ಮುಷ್ಟಿ ಕಟ್ಟಿದ್ದಾಗ. ಬೆರಳು ಬಿಡಿಸಿದರೆ ಒಳಗಿನ ಸ್ನಾಯುರಜ್ಜು ಹಿಂದೆ ಸರಿದು, ಅದರ ಮೇಲಿನ ಗಾಯ ಚರ್ಮದಡಿ ಮರೆಯಾಗುತ್ತದೆ.