ಕೀಲುನೋವಿಗೆ ವೈದ್ಯಕೀಯ ಗಾಂಜಾ: ಪೆನ್ಸಿಲ್ವೇನಿಯಾದಲ್ಲಿ ಕಾರ್ಡ್ ಪಡೆಯುವುದು ಹೇಗೆ?

ಎಕ್ಸ್‌ರೇಯಲ್ಲಿ ಮಂಡಿ ಸವೆದಿರುವುದು ಕಂಡಿದೆ ಎಂದ ಮಾತ್ರಕ್ಕೆ ಕಾರ್ಡ್ ಸಿಗುವುದಿಲ್ಲ. ಅಮೆರಿಕದಲ್ಲಿ ಈ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಾರ್ಡ್‌ಗೆ ಅರ್ಹವಾದ ಕಾಯಿಲೆಗಳ ಇಲಿನಾಯ್ಸ್ ಪಟ್ಟಿಯಲ್ಲಿ ಸಂಧಿವಾತದ ಹೆಸರೇ ಇದೆ, ಪೆನ್ಸಿಲ್ವೇನಿಯಾದ ಪಟ್ಟಿಯಲ್ಲಿಲ್ಲ. ಇಲ್ಲಿ 2016ರ ಕಾಯ್ದೆಯಡಿ ಕೀಲುನೋವಿನವರಿಗೆ ಉಳಿದಿರುವ ದಾರಿ ‘ತೀವ್ರ, ದೀರ್ಘಕಾಲದ ನೋವು’ ಎಂಬ ಬಾಬ್ತು. ಹಾಗಾಗಿ ಕಾಯಿಲೆಯ ಹೆಸರಿಗಿಂತ ನೋವಿನ ದಾಖಲೆಗೇ ತೂಕ ಹೆಚ್ಚು.

ಅರ್ಜಿಗೆ ಮುನ್ನ ಒಂದು ಎಚ್ಚರಿಕೆ. ರಾಜ್ಯ ಒಪ್ಪಿದರೂ ಫೆಡರಲ್ ಕಾನೂನು ಗಾಂಜಾವನ್ನು ನಿಯಂತ್ರಿತ ಪದಾರ್ಥವಾಗಿಯೇ ಕಾಣುತ್ತದೆ. ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವವರು ಗಾಂಜಾ ಬಳಸಿದ್ದನ್ನು ಒಪ್ಪಿಕೊಂಡರೆ ವೀಸಾಕ್ಕೋ ಪೌರತ್ವಕ್ಕೋ ತೊಡಕಾಗಬಹುದು. ಮೊದಲು ವಲಸೆ ವಕೀಲರನ್ನು ಕೇಳಿ, ಆಮೇಲೆ ವೈದ್ಯರನ್ನು. ಬಾಣಂತನಕ್ಕೆಂದು ವಿಸಿಟರ್ ವೀಸಾದಲ್ಲಿ ಬಂದ ಅಮ್ಮನ ಮಂಡಿನೋವಿಗೆ ಈ ದಾರಿಯೇ ಇಲ್ಲ; ಅರ್ಜಿದಾರರು ರಾಜ್ಯದ ನಿವಾಸಿಯಾಗಿರಬೇಕು.

ಮೊದಲ ಕೆಲಸ, ರಾಜ್ಯ ಆರೋಗ್ಯ ಇಲಾಖೆಯ ರೋಗಿಗಳ ನೋಂದಣಿ ತಾಣದಲ್ಲಿ ಹೆಸರು ದಾಖಲಿಸುವುದು. ರಾಜ್ಯದ ಸಾರಿಗೆ ಇಲಾಖೆಯಾದ ಪೆನ್‌ಡಾಟ್ ಕೊಟ್ಟ ಡ್ರೈವಿಂಗ್ ಲೈಸೆನ್ಸ್ ಅಥವಾ ಗುರುತಿನ ಚೀಟಿ ಬೇಕು. ಅದರಲ್ಲಿರುವ ಹೆಸರು, ವಿಳಾಸವನ್ನು ಅಕ್ಷರಶಃ ಹಾಗೆಯೇ ತುಂಬಿ. ತಂದೆಯ ಹೆಸರು, ಊರ ಹೆಸರು ಸೇರಿ ಉದ್ದವಾದ ನಮ್ಮ ಹೆಸರುಗಳು ಎಡವುವುದು ಇಲ್ಲಿಯೇ. ಮನೆ ಬದಲಿಸಿದ್ದರೆ ಮೊದಲು ಪೆನ್‌ಡಾಟ್‌ನಲ್ಲಿ ವಿಳಾಸ ತಿದ್ದಿಸಿಕೊಳ್ಳಿ.

ನಂತರ ವೈದ್ಯರ ಭೇಟಿ. ನಿಮ್ಮ ಮಾಮೂಲಿ ವೈದ್ಯರು ಸಹಿ ಹಾಕಲಾರದಿರಬಹುದು. 4 ಗಂಟೆಯ ತರಬೇತಿ ಮುಗಿಸಿ ಇಲಾಖೆಯಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಅಧಿಕಾರ. ಅವರು ಬರೆಯುವುದು ಔಷಧ ಚೀಟಿಯಲ್ಲ, ಪ್ರಮಾಣಪತ್ರ. ಎಕ್ಸ್‌ರೇ, ರಕ್ತಪರೀಕ್ಷೆಯ ವರದಿ, ಈವರೆಗೆ ನುಂಗಿದ ಮಾತ್ರೆಗಳ ಪಟ್ಟಿ, ಫಿಸಿಯೋಥೆರಪಿ ಮತ್ತು ಇಂಜೆಕ್ಷನ್‌ಗಳ ವಿವರ ಒಯ್ಯಿರಿ. ‘ತುಂಬಾ ನೋವು’ ಎಂದರೆ ಸಾಲದು. ಎಷ್ಟು ಕಾಲದಿಂದ, ಯಾವ ಕೀಲು, ಮೆಟ್ಟಿಲು ಹತ್ತಲು ಆಗುತ್ತದೆಯೇ, ರಾತ್ರಿ ಎಚ್ಚರವಾಗುತ್ತದೆಯೇ, ಯಾವ ಮಾತ್ರೆ ಏಕೆ ನಿಲ್ಲಿಸಬೇಕಾಯಿತು ಎಂದು ಹೇಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಗಾಂಜಾದಲ್ಲಿನ ಸಿಬಿಡಿ ಎಂಬ ಅಂಶ ಅದರ ಪರಿಣಾಮ ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಲ್ಲದು.

ವೈದ್ಯರು ಪ್ರಮಾಣಪತ್ರವನ್ನು ತಾಣಕ್ಕೆ ಏರಿಸಿದ ಮೇಲೆ ನೀವು ಮತ್ತೆ ಲಾಗಿನ್ ಆಗಿ 50 ಡಾಲರ್ ಕಟ್ಟಬೇಕು. ಕಾರ್ಡ್ ಅಂಚೆಯಲ್ಲಿ ಬರುತ್ತದೆ. ವೈದ್ಯರ ಶುಲ್ಕ ಬೇರೆ. ಔಷಧದ ಖರ್ಚನ್ನು ವಿಮೆ ಭರಿಸುವುದಿಲ್ಲ.

ಗಾಂಜಾ ಔಷಧ ಮಾರುವ ಅಂಗಡಿಯಾದ ಡಿಸ್ಪೆನ್ಸರಿಯಲ್ಲಿ ಕ್ಯಾಪ್ಸೂಲ್, ನಾಲಗೆಯಡಿ ಬಿಡುವ ಹನಿ, ಮುಲಾಮು, ಆವಿಯಾಗಿ ಎಳೆದುಕೊಳ್ಳುವ ಎಣ್ಣೆ ಮತ್ತು ಒಣ ಎಲೆ ಸಿಗುತ್ತವೆ. ಎಲೆ ಕೊಳ್ಳಬಹುದು, ಆದರೆ ಬೆಂಕಿ ಹಚ್ಚಿ ಸೇದುವುದು ಈ ಕಾಯ್ದೆಯಡಿ ನಿಷಿದ್ಧ. ಮುಲಾಮನ್ನು ಬೆರಳ ಗಂಟುಗಳಿಗೆ ಹಚ್ಚಿ ನೋಡಬಹುದು. ಸೊಂಟದ ಕೀಲಿನಷ್ಟು ಆಳಕ್ಕೆ ಇಳಿಯುತ್ತದೆಂದು ನಂಬಬೇಡಿ. ಕೀಲುನೋವಿಗೆ ಗಾಂಜಾದ ಬಗ್ಗೆ ಇರುವ ಪುರಾವೆಯೂ ಇನ್ನೂ ತೆಳು. ಸವೆದ ಮೃದ್ವಸ್ಥಿಯನ್ನು ಇದು ಬೆಳೆಸುವುದಿಲ್ಲ. ವಾತದ ಮಾತ್ರೆ ಬಿಟ್ಟು ಇದನ್ನು ಹಿಡಿದರೆ ಕೀಲು ಹಾಳಾಗುತ್ತಲೇ ಹೋಗುತ್ತದೆ.

ಹೊಸಬರು 2.5 ಮಿಲಿಗ್ರಾಂ ಟಿಎಚ್‌ಸಿಯಿಂದ (ಗಾಂಜಾದಲ್ಲಿ ಮತ್ತು ತರುವ ಅಂಶ), ಅದೂ ಮಲಗುವ ಹೊತ್ತಿಗೆ, ಆರಂಭಿಸುವುದು ಕ್ಷೇಮ. ನುಂಗಿದ್ದು ಹತ್ತಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ‘ಏನೂ ಆಗಲಿಲ್ಲವಲ್ಲ’ ಎಂದು ನಡುವೆ ಇನ್ನೊಂದು ನುಂಗುವುದೇ ಸಾಮಾನ್ಯ ತಪ್ಪು. ಎರಡೂ ಒಟ್ಟಿಗೆ ಏರಿ ತಲೆಸುತ್ತು, ಎದೆಬಡಿತ, ಗಾಬರಿ ಶುರುವಾಗುತ್ತದೆ. ವಯಸ್ಸಾದವರು ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವೂ ಇದೆ.

ಕಾರ್ಡ್ ಇದ್ದರೂ ವಾಹನ ಓಡಿಸುವಾಗ ರಕ್ತದಲ್ಲಿ ಗಾಂಜಾದ ಅಂಶ ಸಿಕ್ಕರೆ ಪ್ರಕರಣ ಬೀಳಬಹುದು. ಡೆಲಾವೇರ್ ನದಿ ದಾಟಿ ನ್ಯೂಜೆರ್ಸಿಗೆ ಒಯ್ಯುವುದು ಫೆಡರಲ್ ಅಪರಾಧ. ಬೆಂಗಳೂರಿಗೆ ತಂದರೆ ಭಾರತದ ಮಾದಕವಸ್ತು ತಡೆ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆ ಕಾದಿರುತ್ತದೆ. ಪ್ರಮಾಣಪತ್ರ ಹೆಚ್ಚೆಂದರೆ ಒಂದು ವರ್ಷದ್ದು. ಅವಧಿ ಮುಗಿಯುವ ಮೊದಲೇ ವೈದ್ಯರ ಸಮಯ ಗೊತ್ತುಮಾಡಿಕೊಳ್ಳಿ, ಇಲ್ಲದಿದ್ದರೆ ಡಿಸ್ಪೆನ್ಸರಿಯ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.